ಕುರ್ಚಿಗೆ ಕಟ್ಟುವ ಸೊಂಟದ ದಿಂಬು: ಮಲೆನಾಡಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಚಿಕ್ಕಮಗಳೂರಿನಲ್ಲಿ, ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ನನ್ನದು ಲೆಕ್ಕಪತ್ರದ ಕೆಲಸ. ಕೊಯ್ಲು ಶುರುವಾಗಿ ತೋಟಗಳಿಂದ ಮೂಟೆ ಬರತೊಡಗಿದರೆ ಬೆಳಗ್ಗೆ ಕೂತವರು ಏಳುವುದು ಊಟಕ್ಕೇ. ಆ ತಿಂಗಳುಗಳಲ್ಲಿ ಸೊಂಟ ಹಿಡಿದುಕೊಂಡು, ನೆಟ್ಟಗೆ ನಿಲ್ಲಲು ಮೇಜಿಗೆ ಕೈಯೂರಬೇಕಾಗುತ್ತಿತ್ತು. ಆಗ ಕೊಂಡದ್ದು ಈ ಮೆಮೊರಿ ಫೋಮ್ (ಮೈಯ ಆಕಾರಕ್ಕೆ ತಗ್ಗಿ, ನಿಧಾನಕ್ಕೆ ಮೊದಲಿನಂತಾಗುವ ಸ್ಪಂಜು) ದಿಂಬು.

ನನಗೆ ಇದರಿಂದ ನಿಜವಾಗಿ ಉಪಕಾರವಾಗಿದೆ. ನಿಂತಾಗ ಸೊಂಟದ ಐದು ಕಶೇರುಗಳು, ಅಂದರೆ ಬೆನ್ನೆಲುಬಿನ ಮಣಿಗಳು, ಒಳಕ್ಕೆ ಬಾಗಿರುತ್ತವೆ. ಕೂತ ಕೂಡಲೇ ಕೆಳಸೊಂಟ ಹಿಂದಕ್ಕೆ ಹೊರಳಿ ಆ ಬಾಗು ಚಪ್ಪಟೆಯಾಗುತ್ತದೆ. ಗೂನು ಹಾಕಿ ಕೂತರಂತೂ ಬೆನ್ನಿನ ಸ್ನಾಯುಗಳು ಸುಮ್ಮನಾಗಿ ಭಾರವೆಲ್ಲ ಮೂಳೆಗೆ ಮೂಳೆ ಬಿಗಿಯುವ ಪಟ್ಟಿಗಳಾದ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಅವು ತಾಸುಗಟ್ಟಲೆ ಎಳೆದುಕೊಂಡೇ ಇದ್ದರೆ ಏಳುವ ಹೊತ್ತಿಗೆ ನಡು ಪೆಡಸಾಗಿರುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೆ (ಕಶೇರುಗಳ ನಡುವಿನ ಮೆತ್ತೆ) ಸೂಜಿ ಇಳಿಸಿ ಒತ್ತಡ ಅಳೆದಿದ್ದರು. ಆಸರೆಯಿಲ್ಲದೆ ಕೂತಾಗ ಅದು ನಿಂತದ್ದಕ್ಕಿಂತ ಹೆಚ್ಚಿತ್ತು. ಹಿಂದಕ್ಕೆ ಒರಗಿ ಸೊಂಟಕ್ಕೆ ಆಸರೆ ಕೊಟ್ಟರೆ ಇಳಿಯುತ್ತದೆ ಎಂದು ಆಮೇಲಿನ ಅಳತೆಗಳು ತೋರಿಸಿದವು. ದಿಂಬು ಮಾಡುವುದು ಅಷ್ಟನ್ನೇ, ಆ ಬಾಗನ್ನು ಉಳಿಸುವುದು.

ಕಟ್ಟುವ ಎತ್ತರ ಬಹಳ ಮುಖ್ಯ. ಪ್ಯಾಂಟಿನ ಬೆಲ್ಟಿಗಿಂತ ತುಸು ಮೇಲೆ ಉಬ್ಬು ಬರಬೇಕು, ಕುಂಡಿ ಕುರ್ಚಿಯ ಹಿಂಬದಿಗೆ ತಾಗಿರಬೇಕು. ನಮ್ಮ ಆಫೀಸಿನ ಅಕ್ಕ ಒಬ್ಬರು ಸ್ವಲ್ಪ ಕುಳ್ಳು; ಪಾದ ನೆಲ ಮುಟ್ಟದೆ ಮುಂದಕ್ಕೆ ಜಾರುತ್ತಿದ್ದರು. ಕಾಲಡಿಗೆ ಮಣೆ ಇಟ್ಟ ಮೇಲೆ ಅವರಿಗೂ ಸರಿಹೋಯಿತು. ಆದರೆ ದಿಂಬಿದೆಯೆಂದು ಅಲುಗಾಡದೆ ಕೂತರೆ ಬಿಗಿತ ಮತ್ತೆ ಬಂದೇ ಬರುತ್ತದೆ. ಅರ್ಧ ಗಂಟೆಗೊಮ್ಮೆ ಗೋಡೌನ್‌ವರೆಗೆ ನಡೆದು ಬರುತ್ತೇನೆ. ಮೂಟೆ ಎಣಿಸುವ ನೆಪ ಇದ್ದೇ ಇದೆಯಲ್ಲ.

ನಮ್ಮ ಹವೆಗೆ ಈ ಫೋಮ್ ಅಷ್ಟು ಒಗ್ಗುವುದಿಲ್ಲ. ಡಿಸೆಂಬರ್ ಚಳಿಗೆ ಬೆಳಗ್ಗೆ ಗಟ್ಟಿಯಾಗಿರುತ್ತದೆ, ಮೈ ಬಿಸಿ ತಾಗಿದ ಮೇಲೇ ಮೆತ್ತಗಾಗುವುದು. ಮಳೆಗಾಲದ ಕಷ್ಟ ಇನ್ನೂ ದೊಡ್ಡದು: ಒಗೆದ ಕವರ್ ದಿನಗಟ್ಟಲೆ ಒಣಗುವುದಿಲ್ಲ, ಒಳಗಿನ ಫೋಮಿಗೆ ಮುಗ್ಗಲು ವಾಸನೆ ಹತ್ತುತ್ತದೆ. ಅದನ್ನು ಒಗೆಯುವಂತೆಯೂ ಇಲ್ಲ.

ಬೇಲೂರಿನ ಮೇಲೆ ಹಾಸನಕ್ಕೆ ಹೋಗುವಾಗ ಕಾರಿನಲ್ಲೂ ಇಟ್ಟು ನೋಡಿದೆ. ಸೀಟಿಗೇ ಉಬ್ಬಿರುವುದರಿಂದ ಮೈ ಸ್ಟೇರಿಂಗ್ ಕಡೆಗೆ ತಳ್ಳಿದಂತಾಗುತ್ತದೆ; ಕಾರಿಗೆಂದು ಕೊಳ್ಳಬೇಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಪಾದ ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬರೀ ಬಿಗಿತಕ್ಕಾದರೆ ಧೈರ್ಯವಾಗಿ ಕೊಳ್ಳಬಹುದು. ಜಿಪ್ ಇರುವ ಜಾಲರಿ ಕವರಿನದ್ದನ್ನೇ ಆರಿಸಿ, ಜೊತೆಗೆ ಇನ್ನೊಂದು ಕವರ್ ತರಿಸಿಕೊಳ್ಳಿ.