ಪ್ರಾಗ್ ನೋಡೋಕೆ 22ನೇ ನಂಬರ್ ಟ್ರಾಮ್ ಸಾಕು

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೋದರೆ ಟೂರ್ ಬಸ್ಸಿಗೆ ಸುಮ್ನೆ ದುಡ್ಡು ಸುರಿಯಬೇಡಿ. 90 ನಿಮಿಷದ ಟಿಕೆಟ್ ತಗೊಂಡು 22ನೇ ನಂಬರ್ ಟ್ರಾಮ್ ಹತ್ತಿ. ನಾನು ನಾಲ್ಕು ದಿನದಲ್ಲಿ ಆರು ಸಲ ಹತ್ತಿದೆ, ಇನ್ನೂ ಬೇಕು ಅನಿಸಿತು. ಕಾಗದದ ಟಿಕೆಟ್ ಆದರೆ ಹಳದಿ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ.

ನಾಮ್ಯೆಸ್ತಿ ಮೀರು ಚೌಕದಲ್ಲಿ ಹತ್ತಿ ಬಲಗಡೆ ಕಿಟಕಿ ಹಿಡಿಯಿರಿ. ನ್ಯಾಷನಲ್ ಥಿಯೇಟರ್ ದಾಟಿ ಟ್ರಾಮ್ ಸೇತುವೆಗೆ ಬಂದಾಗ ವಲ್ಟಾವಾ ನದಿ, ಚಾರ್ಲ್ಸ್ ಸೇತುವೆ, ಗುಡ್ಡದ ಮೇಲಿನ ಕೋಟೆ ಮೂರೂ ಒಟ್ಟಿಗೆ ಕಾಣುತ್ತವೆ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಟ್ರಾಮಿನ ಒಳಗಿನ ಊರು. ಯಾರೂ ಜೋರಾಗಿ ಮಾತಾಡುವುದಿಲ್ಲ. ಬಾಯಿಗೆ ಕುಕ್ಕೆ ಹಾಕಿಸಿಕೊಂಡ ದೊಡ್ಡ ನಾಯಿಯೊಂದು ಯಜಮಾನನ ಕಾಲ ಬಳಿ ಆರಾಮಾಗಿ ಮಲಗಿತ್ತು. ಊರುಗೋಲಿನ ಅಜ್ಜಿಯೊಬ್ಬರು ಬಾಗಿಲಲ್ಲಿ ಕಾಣಿಸಿದ್ದೇ ತಡ, ಇಬ್ಬರು ಹುಡುಗರು ಎದ್ದು ನಿಂತರು, ಯಾರೂ ಹೇಳಲಿಲ್ಲ, ಅಜ್ಜಿಯೂ ಅದು ತನ್ನದೇ ಸೀಟು ಅನ್ನುವ ಹಾಗೆ ಹೋಗಿ ಕೂತರು.

ಕೋಟೆ ಸ್ಟಾಪಿನಲ್ಲಿ ಜನವೆಲ್ಲ ಇಳಿಯುತ್ತಾರೆ, ನೀವು ಇಳಿಯಬೇಡಿ. ಎರಡು ಸ್ಟಾಪ್ ಮುಂದೆ, ಪೊಹೊರ್ಜೆಲೆಟ್ಸ್‌ನಲ್ಲಿ ಇಳಿದು ನೆರುದೊವಾ ಬೀದಿಗುಂಟ ಕೆಳಗೆ ನಡೆಯಿರಿ. 1770ರಲ್ಲಿ ಮನೆಗಳಿಗೆ ನಂಬರ್ ಬರುವ ಮೊದಲು ಇಲ್ಲಿ ವಿಳಾಸ ಅಂದರೆ ಬಾಗಿಲ ಮೇಲಿನ ಚಿತ್ರ. ಮೂರು ಪಿಟೀಲಿನ ಮನೆ, ಅಲ್ಲಿ ಪಿಟೀಲು ಮಾಡುವವರೇ ಇದ್ದರು. ಎರಡು ಸೂರ್ಯನ ಮನೆಯಲ್ಲಿ ಲೇಖಕ ಯಾನ್ ನೆರುದಾ ಇದ್ದರು, ಬೀದಿಗೆ ಅವರದೇ ಹೆಸರು. ಈಗ ಪ್ರತಿ ಮನೆಗೂ ಎರಡು ಫಲಕ. ನೀಲಿಯದು ಬೀದಿಯ ನಂಬರ್, ಕೆಂಪಿನದು ಆ ಬಡಾವಣೆಯ ದಾಖಲೆಯ ನಂಬರ್. ಹೋಟೆಲ್ ಹುಡುಕುವಾಗ ನೀಲಿಯದನ್ನೇ ನೋಡಿ. ನಾನು ಕೆಂಪಿನದನ್ನು ನಂಬಿ ಸೂಟ್‌ಕೇಸ್ ಎಳೆದುಕೊಂಡು ಅರ್ಧ ಗಂಟೆ ಕಲ್ಲುಹಾಸಿನ ಮೇಲೆ ಸುತ್ತಿದೆ.

ಊಟಕ್ಕೆ ಮತ್ತೆ ಟ್ರಾಮ್ ಹತ್ತಿ ನಾಮ್ಯೆಸ್ತಿ ಮೀರು ಕಡೆಗೇ ಬನ್ನಿ. ಅಲ್ಲಿನ ಜನ ಮಧ್ಯಾಹ್ನ ಉಣ್ಣುವ ಹೊಸ್ಪೋಡಾಗಳಲ್ಲಿ, ಅಂದರೆ ಬಿಯರ್ ಮತ್ತು ಊಟದ ಅಂಗಡಿಗಳಲ್ಲಿ, ಸೂಪ್ ಸೇರಿಸಿ ಮಧ್ಯಾಹ್ನದ ಮೆನು ಇರುತ್ತದೆ. ಒಳಗೆ ಕಾಲಿಡುವಾಗ 'ದೋಬ್ರೀ ದೆನ್', ಅಂದರೆ ನಮಸ್ಕಾರ, ಅನ್ನಿ, ಬಿಟ್ಟರೆ ಒರಟು ಅನಿಸುತ್ತದೆ. ಮೇಜಿನ ಮೇಲೆ ಒಂದು ಚೀಟಿ ಇಡುತ್ತಾರೆ, ಪ್ರತಿ ಬಿಯರ್‌ಗೂ ಅದರಲ್ಲಿ ಪೆನ್ನಿನ ಒಂದು ಗೀಟು, ಕೊನೆಗೆ ಗೀಟು ಎಣಿಸಿ ಬಿಲ್. ಬಿಯರ್ ಬೇಡದವರು 1960ರಿಂದ ಇರುವ ಕೋಫೋಲಾ ಕೇಳಿ, ಗಿಡಮೂಲಿಕೆಯ ಘಮ ಇರುವ ಕೋಲಾ, ಅದೂ ಬಿಯರ್ ಥರ ನಲ್ಲಿಯಿಂದಲೇ ಬರುತ್ತದೆ. ಮಾಂಸ ತಿನ್ನದವರಿಗೆ ಕರಿದ ಚೀಸ್, ಆಲೂಗಡ್ಡೆ. ಬಡಿಸುವವರು ನಗಲಿಲ್ಲ ಅಂತ ಬೇಜಾರಾಗಬೇಡಿ, ಊಟ ಬಿಸಿಬಿಸಿಯಾಗಿ ಐದೇ ನಿಮಿಷದಲ್ಲಿ ಬಂತು.

ಒಂದೇ ಕೊರತೆ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಕೋಟೆ ಕಡೆಗೆ ಹೋಗುವ ಟ್ರಾಮಿನಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ, ಬ್ಯಾಗ್ ಎದೆಗೆ ಹಾಕಿಕೊಳ್ಳಿ. ಎಂಟಕ್ಕೆ ಮೊದಲು ಹೋದರೆ ಕಿಟಕಿ ಸಿಗುತ್ತದೆ, ಪಕ್ಕದಲ್ಲಿ ಕೆಲಸಕ್ಕೆ ಹೊರಟವರು ಇರುತ್ತಾರೆ.