ಮೊದಲನೇ ಪ್ರೋಗ್ರಾಮಿಂಗ್ ಭಾಷಾ ಪಿಎಚ್‌ಪಿ ಹಿಡೀಬೇಕೇನು? ನನ್ನ ರಿವ್ಯೂ, 4 ಸ್ಟಾರ್

ಹುಬ್ಬಳ್ಳಿ ವಿದ್ಯಾನಗರದಾಗ ಕ್ಲಾಸ್ ಹುಡುಕೋ ಹುಡುಗ್ರು ಕೇಳೂದು ಒಂದ ಪ್ರಶ್ನೆ, ಡೈನಾಮಿಕ್ ವೆಬ್‌ಸೈಟ್ ಮಾಡಾಕ ಪೈಥಾನೋ ಪಿಎಚ್‌ಪಿನೋ ಅಂತ. ನಾ ಪಿಎಚ್‌ಪಿ ಹಿಡದೆ ನೋಡ್ರಿ. 1995ರಾಗ ಬಂದದ್ದು, ಹಳೇದಾತು ಅಂತ ಮೂಗ ಮುರಿಯೋರು ಭಾಳ ಅದಾರ, ಆದ್ರ ವೆಬ್‌ಸೈಟ್ ಕಟ್ಟೋ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಇವತ್ತಿಗೂ ಅದರ ಮ್ಯಾಲೇನ ನಡೀತೈತಿ. ಜಾಂಪ್ (XAMPP) ಅನ್ನೋ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ್ರ ಸರ್ವರ್ರು, ಡೇಟಾಬೇಸು ಎಲ್ಲಾ ಒಮ್ಮೆಲೇ ಬಂದ ಕುಂದರ್ತಾವ, ಎಚ್‌ಟಿಎಂಎಲ್ ನಡಕ ನಾಕ ಸಾಲ ಕೋಡ್ ತುರುಕಿ ಬ್ರೌಸರ್‌ನಾಗ ಲೋಕಲ್‌ಹೋಸ್ಟ್ (ನಮ್ಮ ಕಂಪ್ಯೂಟರಿಂದ ವಿಳಾಸ) ತಗದ್ರ ಕೆಲಸ ಕಾಣತೈತಿ, ಹೊಸಬ್ರಿಗೆ ಅದಕಿಂತ ಖುಷಿ ಏನ ಬೇಕ್ರಿ. ಅಗ್ಗದ ಹೋಸ್ಟಿಂಗ್‌ನಾಗೂ ಓಡತೈತಿ. ಪೈಥಾನ್‌ನಾಗ ವೆಬ್‌ಸೈಟ್ ಕಟ್ಟೋ ಜ್ಯಾಂಗೋ ಛಲೋ ಐತಿ ಖರೆ, ಆದ್ರ ಮೊದಲನೇ ದಿನಾನ ಅಷ್ಟ ಫೈಲ್ ನೋಡಿ ತಲಿ ತಿರಗತೈತಿ.

ಒಂದ ಸ್ಟಾರ್ ಕಟ್ ಯಾಕಂದ್ರ ಫಂಕ್ಷನ್‌ಗೋಳಿಗೆ, ಅಂದ್ರ ಒಂದೊಂದ ಕೆಲಸಕ್ಕ ರೆಡಿ ಇರೋ ಕೋಡ್‌ಗೆ, ಶಿಸ್ತ ಇಲ್ಲ. ಇನ್‌_ಅರೇ (ಪಟ್ಟಿಯೊಳಗ ಹುಡುಕೋ ಫಂಕ್ಷನ್) ಒಳಗ ಹುಡುಕೂದನ್ನ ಮೊದಲ ಕೊಡ್ಬೇಕು, ಸ್ಟರ್‌ಪಾಸ್ (ಅಕ್ಷರ ಸಾಲಿನೊಳಗ ಹುಡುಕೋ ಫಂಕ್ಷನ್) ಒಳಗ ಉಲ್ಟಾ, ಇದನ್ನ ಯಾರ ನೆನಪಿಟ್ಕೋಬೇಕ್ರಿ! ಮತ್ತ ನಾ ಹೋದ ಕ್ಲಾಸಿನ್ಯಾಗ ಡೇಟಾಬೇಸ್‌ನ ಮಾಹಿತಿ ಕೇಳೋ ಹಳೇ ಫಂಕ್ಷನ್ ಮೈಎಸ್‌ಕ್ಯೂಎಲ್_ಕ್ವೆರಿನ ಕಲಿಸ್ತಿದ್ರು, ಅದನ್ನ ಪಿಎಚ್‌ಪಿ 7ರಾಗನ ತಗದ ಒಗದಾರ, ಅಂದ್ರ 2015ರಾಗ. ಫೀ ಕಟ್ಟೂಕಿಂತ ಮೊದಲ ಪಿಡಿಒ (ಡೇಟಾಬೇಸ್ ಜೋಡಿಸೋ ಈಗಿನ ದಾರಿ), ಬಳಸೋರು ಕೊಟ್ಟ ಮಾಹಿತಿನ ಕ್ವೆರಿಯಿಂದ ಬ್ಯಾರೆ ಇಡೋ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಕಲಿಸ್ತೀರೇನ್ರಿ ಸರ್ ಅಂತ ಕೇಳ್ರಿ, ಮುಖ ಮುಖ ನೋಡಿದ್ರ ಬ್ಯಾರೆ ಕ್ಲಾಸ್ ಹುಡುಕ್ರಿ. ಜಾವಾಸ್ಕ್ರಿಪ್ಟ್ ಮಾತ್ರ ಯಾವುದ ಹಿಡದ್ರೂ ಬಿಡಂಗಿಲ್ಲ, ಬ್ರೌಸರ್ ಒಳಗ ಅದ ಬೇಕ.