ಒಂದೇ ಪುಟ, ಮೂರು ಸಲ ಶಾಯಿ: ಫೈನ್‌ಲೈನರ್, ಜಿ-ನಿಬ್, ಬ್ರಶ್

ನಾನು ಬರೆಯುತ್ತಿರುವ ಕಾಮಿಕ್ಸ್‌ನ ಒಂಬತ್ತನೆಯ ಪುಟದಲ್ಲಿ ಮೂರು ಚೌಕಗಳಿವೆ. ಮೊದಲನೆಯದರಲ್ಲಿ ಬೇಲೂರಿನ ದರ್ಪಣ ಸುಂದರಿ. ಎರಡನೆಯದರಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಸುರಿಯುವ ಮಳೆ. ಮೂರನೆಯದರಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕಾಫಿ ತೋಟದ ದಾರಿಯಲ್ಲಿ ಓಡುವ ಹುಡುಗ. ಯಾವ ಸಾಧನದಿಂದ ಶಾಯಿ ಹಾಕಬೇಕೆಂದು ತೀರ್ಮಾನವಾಗದೆ ಈ ಪುಟವನ್ನೇ ಪರೀಕ್ಷೆಗೆ ಆರಿಸಿಕೊಂಡೆ. ಎರಡು ಸ್ಟೂಲುಗಳ ಮೇಲೆ ಗಾಜು ಹಾಸಿ, ಕೆಳಗೆ ಬಲ್ಬು ಉರಿಸಿ, ಒಂದೇ ಪೆನ್ಸಿಲ್ ಚಿತ್ರವನ್ನು ಮೂರು ಎ3 ಐವರಿ ಶೀಟುಗಳಿಗೆ ಇಳಿಸಿದೆ. ಚಿಕ್ಕಮಗಳೂರಿನಲ್ಲಿ ಆಗ ಜುಲೈ ತಿಂಗಳು.

ಮೊದಲು ಫೈನ್‌ಲೈನರ್, ಅಂದರೆ ಸಣ್ಣ ತುದಿಯ ಶಾಯಿ ಪೆನ್: 0.1, 0.3 ಮತ್ತು 0.8 ಮಿಲಿಮೀಟರಿನವು. ಅದ್ದುವ ಕೆಲಸವಿಲ್ಲ, ಚೆಲ್ಲುವ ಭಯವಿಲ್ಲ, ಸ್ಕೇಲಿಗೆ ಒತ್ತಿ ಎಳೆದರೂ ಗೆರೆ ಹರಡುವುದಿಲ್ಲ. ಚೌಕದ ಅಂಚುಗಳಿಗೆ, ಮಾತಿನ ಅಕ್ಷರಗಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ಆದರೆ ಗೆರೆ ಆರಂಭದಿಂದ ಕೊನೆಯವರೆಗೆ ಒಂದೇ ದಪ್ಪ. ಸುಂದರಿಯ ಕತ್ತಿನ ಸರಕ್ಕೂ ಅವಳ ತೊಡೆಯ ಬಾಗಿಗೂ ಒಂದೇ ತೂಕ ಬಂತು. ದಪ್ಪಗೊಳಿಸಲು ಮತ್ತೆ ಮತ್ತೆ ತಿದ್ದಿದೆ. ಗೆರೆಯ ಜೀವವೇ ಹೋಯಿತು. ಇನ್ನೊಂದು ಲೆಕ್ಕವೂ ಇದೆ. ಎ3 ಪುಟವನ್ನು ಎ4 ಗಾತ್ರಕ್ಕೆ ಇಳಿಸಿದರೆ ಎಲ್ಲವೂ ಶೇ. 71ಕ್ಕೆ ಕುಗ್ಗುತ್ತದೆ, 0.1ರ ಗೆರೆ 0.07 ಆಗುತ್ತದೆ. ಜೆರಾಕ್ಸ್ ಪ್ರತಿಯಲ್ಲಿ ಸರದ ಮಣಿಗಳು ಅಲ್ಲಲ್ಲಿ ಮಾಯವಾಗಿದ್ದವು.

ಜಿ-ನಿಬ್ ಜಪಾನಿನ ಮಾಂಗಾ (ಕಾಮಿಕ್ಸ್) ಚಿತ್ರಕಾರರು ಹೆಚ್ಚಾಗಿ ಬಳಸುವ, ಶಾಯಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್. ಹೊಸದರ ಮೇಲೆ ಎಣ್ಣೆಯ ಪದರ ಇರುತ್ತದೆ. ಸೋಪಿನಿಂದ ಉಜ್ಜಿ ತೊಳೆಯದಿದ್ದರೆ ಶಾಯಿ ನಿಲ್ಲದೆ ಹನಿಯಾಗಿ ಬೀಳುತ್ತದೆ. ಒತ್ತಿದಾಗ ತುದಿಯ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ, ಕೈ ಹಗುರಾದರೆ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ದರ್ಪಣ ಸುಂದರಿಗೆ ಇದೇ ಸರಿಯಾದ ಸಾಧನ. ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಆ ಮೆದುತನದಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಆಭರಣದ ಪ್ರತಿ ಎಳೆಯ ಕೆಳಗೂ ಒಂದು ಆಳವಾದ ನೆರಳಿದೆ. ನಿಬ್ಬಿನ ಒಂದೇ ಎಳೆತದಲ್ಲಿ ಎಳೆಯೂ ನೆರಳೂ ಒಟ್ಟಿಗೆ ಬಂದಾಗ ನನಗಾದ ಸಂತೋಷ ದೊಡ್ಡದು.

ಆದರೆ ಮಳೆಯ ಚೌಕದಲ್ಲಿ ನಿಬ್ ಕೈಕೊಟ್ಟಿತು. ಮಳೆಗಾಲದ ತೇವ ಹೀರಿದ ಕಾಗದದ ಮೈ ಸಡಿಲವಾಗಿರುತ್ತದೆ. ಚೂಪಾದ ತುದಿ ಅದರ ನಾರನ್ನು ಕೆದಕಿತು, ನಾರು ಸೀಳಿನಲ್ಲಿ ಸಿಕ್ಕಿಕೊಂಡಿತು, ಸಣ್ಣ ಗೆರೆ ಎಳೆದಲ್ಲೆಲ್ಲ ಶಾಯಿ ಹಕ್ಕಿಯ ಗರಿಯಂತೆ ಹರಡಿತು. ಒಣಗಿತೆಂದು ಕೈಯಿಟ್ಟರೆ ಅಂಗೈ ಕಪ್ಪು. ಒಂದು ವಾರ ಮೇಜಿನ ಮೇಲೆ ಬಿಟ್ಟ ನಿಬ್ಬಿಗೆ ತುಕ್ಕು ಹಿಡಿಯಿತು. ಈಗ ನಿಬ್ಬುಗಳನ್ನು ಹುರಿದ ಅಕ್ಕಿ ಹಾಕಿದ ಡಬ್ಬಿಯಲ್ಲಿಡುತ್ತೇನೆ.

ಕೊನೆಗೆ ಉಳಿದದ್ದು ಬ್ರಶ್: ಜಲವರ್ಣದ ಎರಡನೇ ನಂಬರಿನ ದುಂಡು ಬ್ರಶ್. ಕಲಿಯಲು ಮೂರರಲ್ಲಿ ಇದೇ ಕಷ್ಟ. ಬೆರಳಿನಿಂದ ಎಳೆದರೆ ಗೆರೆ ನಡುಗುತ್ತದೆ, ಮೊಣಕೈಯಿಂದ ಎಳೆಯಬೇಕು. ಹಳೆಯ ಪತ್ರಿಕೆಗಳ ಮೇಲೆ ಒಂದು ತಿಂಗಳು ಬರೀ ಉದ್ದ ಗೆರೆಗಳನ್ನು ಎಳೆದ ಮೇಲೆಯೇ ಪುಟ ಮುಟ್ಟಿದೆ. ಕೂದಲು ಕಾಗದವನ್ನು ಕೆದಕುವುದಿಲ್ಲ, ಆದ್ದರಿಂದ ಮಳೆಗಾಲದ ಕಾಗದ ಇದಕ್ಕೆ ಅಡ್ಡಿಯಾಗಲಿಲ್ಲ. ಮೊದಲು ಒತ್ತಿ ಕೊನೆಗೆ ಎತ್ತಿದರೆ ಮಳೆಯ ಗೆರೆ ತಾನಾಗಿ ಸಣ್ಣಗಾಗುತ್ತಾ ಬಂದು ನಿಲ್ಲುತ್ತದೆ. ಶಾಯಿ ಅರ್ಧ ಆರಿದ ಬ್ರಶ್ಶನ್ನು ಪಕ್ಕಕ್ಕೆ ಒರಗಿಸಿ ಎಳೆದರೆ ಸಿಲ್ವರ್ ಓಕ್ ತೊಗಟೆಯ ಒರಟುತನ ಬರುತ್ತದೆ. ಕಂಬಳಿ ಕೊಪ್ಪೆಯ ದಟ್ಟ ಕಪ್ಪನ್ನು ತುಂಬಲು ಎರಡು ನಿಮಿಷ ಸಾಕಾಯಿತು; ಫೈನ್‌ಲೈನರ್‌ನಲ್ಲಿ ಅರ್ಧ ಗಂಟೆ ಗೀಚಿದರೂ ಬೂದುಬಣ್ಣವೇ ಉಳಿದಿತ್ತು.

ಮೂರು ಪುಟಗಳನ್ನೂ ಗೋಡೆಗೆ ಅಂಟಿಸಿ ತಂಗಿಯನ್ನು ಕರೆದೆ. ಯಾವುದು ಯಾವುದರಿಂದ ಆದದ್ದೆಂದು ಅವಳಿಗೆ ಹೇಳಿರಲಿಲ್ಲ. ಅವಳು ಸುಂದರಿಯನ್ನು ನಿಬ್ಬಿನ ಪುಟದಲ್ಲಿ ಮೆಚ್ಚಿದಳು. ಹುಡುಗನ ಬಳಿ ಬಂದಾಗ, “ಅಣ್ಣಾ, ಇದರಲ್ಲಿ ಇವನ ಕೊಪ್ಪೆ ನೆನೆದು ಭಾರವಾಗಿದೆ,” ಎಂದು ಬ್ರಶ್ಶಿನ ಪುಟ ತೋರಿಸಿದಳು. ಆ ಭಾರಕ್ಕಾಗಿಯೇ ನಾನು ಅಷ್ಟು ದಿನ ಒದ್ದಾಡಿದ್ದೆ.

ಬ್ರಶ್ಶಿಗೆ ಆರೈಕೆ ಬೇಕು. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಒಮ್ಮೆ ಒಣಗಿದರೆ ನೀರಿಗೆ ಕರಗುವುದಿಲ್ಲ. ಲೋಹದ ಕೊರಳಿನವರೆಗೆ ಶಾಯಿ ಏರಿ ಗಟ್ಟಿಯಾದರೆ ಕೂದಲು ಕವಲೊಡೆದು ತುದಿ ಮತ್ತೆ ಕೂಡುವುದಿಲ್ಲ. ನನ್ನ ಮೊದಲ ಬ್ರಶ್ ಹೀಗೆಯೇ ಹಾಳಾಯಿತು. ಅರ್ಧದವರೆಗೆ ಮಾತ್ರ ಅದ್ದಿ, ಕಾಲು ಗಂಟೆಗೊಮ್ಮೆ ತೊಳೆದು, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ತುದಿ ಚೂಪು ಮಾಡಿ ಮಲಗಿಸಿಡುತ್ತೇನೆ.

24 ಪುಟಗಳಲ್ಲಿ ಮಳೆಯ ಪುಟಗಳೇ ಹೆಚ್ಚು. ಅವು ಈಗ ಬ್ರಶ್ಶಿನಲ್ಲಿ ಸಾಗುತ್ತಿವೆ, ಅಂಚು ಮತ್ತು ಅಕ್ಷರ ಫೈನ್‌ಲೈನರ್‌ನಲ್ಲಿ. ಬೇಲೂರಿನ ಚೌಕಗಳನ್ನೆಲ್ಲ ಪೆನ್ಸಿಲ್‌ನಲ್ಲೇ ಬಿಟ್ಟಿದ್ದೇನೆ. ಜನವರಿಯಲ್ಲಿ ಕಾಗದ ಗರಿಗರಿಯಾದಾಗ ನಿಬ್ ಹಿಡಿಯುತ್ತೇನೆ.